ಚಪ್ಪಲಿ ಕೊಟ್ಟ ಹುಡುಗಿ

ಪ್ರಾರ್ಥನೆಯ ಹೊತ್ತಿನಲ್ಲಿ ನಾನು ಒಂದು ಕಣ್ಣು ತೆರೆದೇ ಇಟ್ಟುಕೊಳ್ಳುತ್ತೇನೆ. ದೇವರಿಗೆ ಇದು ಗೊತ್ತು. ನನ್ನ ಗಂಡನಿಗೂ ಗೊತ್ತಿತ್ತು. ಅವರು ಚರ್ಚಿನ ಸಭಾಪಾಲಕರು, ಎಲ್ಲರಿಗೂ ಕಣ್ಣು ಮುಚ್ಚಿ ಎಂದು ಹೇಳುವವರು. ಆದರೂ ನಡುವೆ ಒಮ್ಮೆ ರೆಪ್ಪೆ ಎತ್ತಿ, ನಾನು ನೋಡುತ್ತಿದ್ದೇನೆ ಎಂದು ಖಾತ್ರಿ ಮಾಡಿಕೊಂಡು, ಮತ್ತೆ ಮುಚ್ಚುತ್ತಿದ್ದರು. ಅಷ್ಟೊಂದು ಜನ ಕಣ್ಣು ಮುಚ್ಚಿ ಕೂತ ಕಡೆ ಯಾರಾದರೊಬ್ಬರು ಎಚ್ಚರವಾಗಿರಬೇಕಲ್ಲ? ಚೀಲಗಳು ಕಾಲ ಬುಡದಲ್ಲಿರುತ್ತವೆ, ಬಾಗಿಲು ಹಾರು ಹೊಡೆದಿರುತ್ತದೆ. ಕಳ್ಳನೇನು ಆಮೆನ್ ಹೇಳುವವರೆಗೆ ಕಾಯುತ್ತಾನೆಯೇ?

ಕ್ರೈಸ್ತ ಬರಹಗಾರರ ಸಮ್ಮೇಳನದ ಮೊದಲ ಮಧ್ಯಾಹ್ನವೂ ಹಾಗೆಯೇ ಕೂತಿದ್ದೆ. ಉದ್ದನೆಯ ಸಭಾಂಗಣ, ಸಾಲುಸಾಲು ಪ್ಲಾಸ್ಟಿಕ್ ಕುರ್ಚಿ, ಮುಂದೆ ಬಿಳಿ ಬಟ್ಟೆ ಹೊದಿಸಿದ ಮೇಜು. ಎಲ್ಲರೂ ತಮ್ಮ ಹಸ್ತಪ್ರತಿಯನ್ನು ಆ ಮೇಜಿನ ಮೇಲಿಡಬೇಕು, ಹಿರಿಯರು ಅವುಗಳ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ, ಆಮೇಲೆ ಪ್ರಕಾಶಕರು ತೆಗೆದುಕೊಂಡು ಹೋಗಿ ಓದುತ್ತಾರೆ ಎಂದು ನಿರೂಪಕಿ ಮೈಕಿನಲ್ಲಿ ಹೇಳಿದಳು. ಹೇಳಿದ್ದೇ ತಡ, ಜನ ಎದ್ದರು. ವರ್ಷಗಟ್ಟಲೆ ಕೂತು ಬರೆದದ್ದನ್ನು ಗುರುತು ಪರಿಚಯವಿಲ್ಲದವರ ವಶಕ್ಕೆ ಕೊಟ್ಟು, ವಾಪಸು ಬಂದು ಹಾಯಾಗಿ ಕಣ್ಣು ಮುಚ್ಚಿಕೊಂಡರು.

ನಾನು ಅಷ್ಟು ಪೆದ್ದಿಯಲ್ಲ. ಶಾಲೆಯಲ್ಲಿ ಮಕ್ಕಳಿಗೆ ಹೊಲಿಗೆ ಕಲಿಸುವವಳು ನಾನು. ಬಟ್ಟೆ ಕತ್ತರಿಸುವ ಮೊದಲು ಮೇಲಿಟ್ಟುಕೊಳ್ಳುವ ಕಾಗದದ ಮಾದರಿಗಳು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತವೆ. ಅಂಗಿಯ ತೋಳಿನದು, ಕಾಲರಿನದು, ಜೇಬಿನದು. ಅವನ್ನೇ ಸುರುಳಿ ಸುತ್ತಿ, ದಾರ ಕಟ್ಟಿ, ಭಕ್ತಿಯಿಂದ ತಲೆ ಬಾಗಿಸಿ ಮೇಜಿನ ಮೇಲಿಟ್ಟು ಬಂದೆ. "ಕರ್ತನೇ, ಈ ಬರಹಗಳು ಬೆತ್ತಲೆಯಾದವರಿಗೆ ಉಡುಪಾಗಲಿ" ಎಂದು ಹಿರಿಯರೊಬ್ಬರು ನನ್ನ ಸುರುಳಿಯ ಮೇಲೆಯೇ ಕೈಯಿಟ್ಟು ಪ್ರಾರ್ಥಿಸಿದಾಗ ನಗು ತಡೆಯಲು ಕೈವಸ್ತ್ರ ಕಚ್ಚಿಕೊಂಡೆ.

ಪಕ್ಕದಲ್ಲಿ ಕೂತಿದ್ದ ನಾದಿನಿಗೆ ಗೊತ್ತಾಗಿಬಿಟ್ಟಿತು.

"ಅತ್ತಿಗೆ, ದೇವರ ಮುಂದೆ ಮೋಸಾನಾ?"

"ದೇವರಿಗಲ್ಲ ಕಣೇ, ಪ್ರಕಾಶಕರಿಗೆ. ಕಣ್ಮುಚ್ಚು."

ನಿಜವಾದ ಹಸ್ತಪ್ರತಿ ನನ್ನ ತೊಡೆಯ ಮೇಲಿನ ಚೀಲದಲ್ಲಿತ್ತು. ಚೀಲದ ಪಟ್ಟಿಯನ್ನು ಮುಂಗೈಗೆ ಸುತ್ತಿಕೊಂಡಿದ್ದೆ. ನನ್ನ ಗಂಡ ತೀರಿಕೊಂಡ ಮೇಲೆ ಅವರು ಭಾನುವಾರ ಸಭೆಗೆ ಉಪದೇಶವಾಗಿ ಹೇಳುತ್ತಿದ್ದ ಪ್ರಸಂಗಗಳನ್ನೆಲ್ಲ ನಾನು ಒಟ್ಟು ಮಾಡಿದೆ, ನಾದಿನಿ ಟೈಪು ಮಾಡಿದಳು. ಪುಸ್ತಕವಾಗಿ ತರಬೇಕು ಎಂಬುದು ಇಬ್ಬರ ಆಸೆ. ಆದರೆ ನಾನು ಈ ಸಮ್ಮೇಳನಕ್ಕೆ ಬಂದದ್ದು ಅದಕ್ಕಲ್ಲ. ಒಬ್ಬ ಕಳ್ಳನನ್ನು ಹಿಡಿಯಲು ಬಂದಿದ್ದೆ. ಆ ಕಳ್ಳ ವೇದಿಕೆಯ ಮೇಲೆ, ಹೂದಾನಿಯ ಪಕ್ಕದಲ್ಲಿ, ಮುಖ್ಯ ಅತಿಥಿಯಾಗಿ ಕೂತಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಸಭಾಪಾಲಕರನ್ನು ತಯಾರು ಮಾಡುವ ಶಾಲೆಯಲ್ಲಿ ಬಹಳ ಕಾಲ ಪಾಠ ಹೇಳಿ ನಿವೃತ್ತರಾದವರು. ಬಿಳಿ ಗಡ್ಡ, ಮೆತ್ತನೆಯ ಮಾತು, ಯಾರು ನಮಸ್ಕಾರ ಹೇಳಿದರೂ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವ ಅಭ್ಯಾಸ. ಇಷ್ಟು ಒಳ್ಳೆಯವರಾಗಿ ಕಾಣುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ.

ಅವರು ಕದ್ದದ್ದು ನನ್ನನ್ನೇ. ಉತ್ಪ್ರೇಕ್ಷೆಯಲ್ಲ, ಹೇಳುತ್ತೇನೆ ಕೇಳಿ.

ನನ್ನ ಗಂಡ ಬಹಳ ಪ್ರೀತಿಯಿಂದ ಹೇಳುತ್ತಿದ್ದ ಒಂದು ಪ್ರಸಂಗವಿತ್ತು. ಅವರು ಹುಡುಗರಾಗಿದ್ದಾಗ ಒಂದು ಬಸ್ ನಿಲ್ದಾಣದಲ್ಲಿ ನಿಂತಿದ್ದರಂತೆ. ಅಲ್ಲೊಬ್ಬ ಮುದುಕಿಯ ಚಪ್ಪಲಿ ಕಿತ್ತುಹೋಗಿತ್ತು, ನೆಲ ಕಾದು ಕೆಂಡವಾಗಿತ್ತು. ಎಲ್ಲರೂ ನೋಡುತ್ತ ನಿಂತಿದ್ದಾಗ ಒಬ್ಬ ಹುಡುಗಿ ಬಂದು ತನ್ನ ಚಪ್ಪಲಿಯನ್ನೇ ಬಿಚ್ಚಿ ಕೊಟ್ಟು, ಬರಿಗಾಲಲ್ಲಿ ನಡೆದು ಹೋದಳು. "ಆ ಹುಡುಗಿಯೇ ನನ್ನ ಹೆಂಡತಿ. ಮದುವೆಯಾದರೆ ಇವಳನ್ನೇ ಎಂದು ಅವತ್ತೇ ದೇವರಿಗೆ ಹೇಳಿಬಿಟ್ಟೆ" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದರು. ಇಡೀ ಸಭೆ ತಿರುಗಿ ನೋಡುತ್ತಿತ್ತು. ನನ್ನ ಕಿವಿ ಬಿಸಿಯಾಗುತ್ತಿತ್ತು.

ನನ್ನನ್ನು ಕಂಡರೆ ಈ ಕಥೆ ಯಾಕೆ ಬೇಕಿತ್ತು ಎಂದು ನಿಮಗೂ ಗೊತ್ತಾಗುತ್ತದೆ. ನಾನು ರೂಪವಂತೆಯಲ್ಲ. ಕಾಲು ಗಂಡಸರ ಅಳತೆಯದು, ನಾಲಿಗೆ ಕತ್ತರಿಯದು. ನನ್ನನ್ನು ನೋಡಲು ಬಂದವರೆಲ್ಲ ಚಹಾ ಕುಡಿದು, ನನ್ನ ಬಾಯಿ ಕೇಳಿ, ಬಂದ ದಾರಿಗೆ ಸುಂಕವಿಲ್ಲವೆಂದು ಎದ್ದು ಹೋಗಿದ್ದರು. ಇವರೋ, ಎತ್ತರದ ಆಳು, ಹಾಡುತ್ತಿದ್ದರು, ನಕ್ಕರೆ ಮುದುಕಿಯರೂ ನಾಚುತ್ತಿದ್ದರು. ಅಂಥವರು ಈ ದರ್ಜಿಯ ಮಗಳನ್ನು ಏನು ನೋಡಿ ಕಟ್ಟಿಕೊಂಡರು ಎಂದು ಸಭೆಯ ಹೆಂಗಸರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದುದು ನನಗೇನು ಕೇಳಿಸುತ್ತಿರಲಿಲ್ಲವೇ? ಆ ಪ್ರಶ್ನೆಗೆ ಇದ್ದದ್ದು ಒಂದೇ ಉತ್ತರ: ಚಪ್ಪಲಿ. ಆ ಉತ್ತರದ ಮೇಲೆಯೇ ನಾನು ಇಷ್ಟು ವರ್ಷ ತಲೆ ಎತ್ತಿ ಬದುಕಿದ್ದೇನೆ.

ಹೀಗಿರುವಾಗ ಒಂದು ದಿನ ಕ್ರೈಸ್ತ ಮಾಸಪತ್ರಿಕೆಯಲ್ಲಿ ಮೇಷ್ಟ್ರ ಅಂಕಣ ಓದುತ್ತಿದ್ದೆ. ಬಸ್ ನಿಲ್ದಾಣ, ಮುದುಕಿ, ಕಿತ್ತುಹೋದ ಚಪ್ಪಲಿ, ಬರಿಗಾಲಲ್ಲಿ ಹೋದ ಹುಡುಗಿ. ಕೊನೆಗೆ: "ಆ ಹುಡುಗಿ ಇಂದು ನನ್ನ ಹೆಂಡತಿ." ನನ್ನ ರಕ್ತ ಕುದಿಯಿತು. ಇವರು ಪಾಠ ಹೇಳಿದ ಶಾಲೆಯಲ್ಲೇ ನನ್ನ ಗಂಡ ಓದಿದ್ದು. ಶಿಷ್ಯ ಹೇಳಿದ್ದನ್ನು ಗುರು ಜೇಬಿಗಿಳಿಸಿದ್ದಾನೆ, ಶಿಷ್ಯ ಸತ್ತ ಮೇಲೆ ಧೈರ್ಯವಾಗಿ ಹೊರಗೆ ತೆಗೆದಿದ್ದಾನೆ. ಇದು ಸ್ಪಷ್ಟವಲ್ಲವೇ?

ಪ್ರಸಂಗ ಮಾಡುವವರ ಲೋಕದಲ್ಲಿ ಇದೊಂದು ರೂಢಿ. ಒಬ್ಬರು ಹೇಳಿದ ದೃಷ್ಟಾಂತವನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳಲಿ, ಬೇಡ ಎಂದವರಾರು? ಆದರೆ "ಒಬ್ಬರ ಮನೆಯಲ್ಲಿ" ಎನ್ನುವುದಿಲ್ಲ, "ನಮ್ಮ ಮನೆಯಲ್ಲಿ" ಎನ್ನುತ್ತಾರೆ. ಒಂದೇ ಹಾಲು ಎಷ್ಟೋ ಸಭಾಪಾಲಕರ ಒಲೆಯ ಮೇಲೆ ಉಕ್ಕಿದೆ. ಒಬ್ಬನೇ ತುಂಟ ಮಗ ಎಲ್ಲ ಸಭಾಪಾಲಕರಿಗೂ ಹುಟ್ಟಿದ್ದಾನೆ, ಮಕ್ಕಳಿಲ್ಲದವರಿಗೂ ಹುಟ್ಟಿದ್ದಾನೆ. ನನ್ನ ಗಂಡ ಕೂಡ ಆ ಹಾಲನ್ನು ಒಮ್ಮೆ ನಮ್ಮ ಅಡುಗೆಮನೆಯಲ್ಲಿ ಉಕ್ಕಿಸಿದ್ದರು. ಅವತ್ತು ನಮ್ಮ ಮನೆಯಲ್ಲಿ ಹಾಲೇ ಇರಲಿಲ್ಲ. ಹಾಲು ಹೋದರೆ ಹೋಗಲಿ ಎಂದು ನಕ್ಕು ಸುಮ್ಮನಾಗಿದ್ದೆ. ಆದರೆ ಹೆಂಡತಿಯನ್ನೇ ಎತ್ತಿಕೊಂಡು ಹೋಗುವುದೆಂದರೆ?

ಆ ರಾತ್ರಿ ಊಟದ ಕೋಣೆಯಲ್ಲಿ, ಮರುದಿನ ಬೆಳಗ್ಗೆ ಚಹಾದ ಸಾಲಿನಲ್ಲಿ, ನಾನು ಮೈಯೆಲ್ಲ ಕಣ್ಣಾಗಿ ಮೇಷ್ಟ್ರನ್ನೇ ಗಮನಿಸಿದೆ. ಅವರು ಎಲ್ಲರ ಹತ್ತಿರವೂ ಕೂತು "ನಿಮ್ಮ ಕಥೆ ಹೇಳಿ" ಎನ್ನುತ್ತಿದ್ದರು. ನೋಡಿದಿರಾ? ಕೇಳಿ ಕೇಳಿ ಸಂಗ್ರಹ ಮಾಡಿಕೊಳ್ಳುವ ವಿಧಾನ. ನನ್ನ ಹತ್ತಿರವೂ ಬಂದರು.

"ನೀವೇನು ಬರೀತೀರಮ್ಮ?"

"ನಾನು ಬರೆಯಲ್ಲ, ಅಳತೆ ತಗೋತೀನಿ" ಎಂದೆ.

ಅವರು ನಕ್ಕು ಮುಂದೆ ಹೋದರು. ನಗುವಿನ ಹಿಂದೆ ಏನೋ ಇತ್ತು ಎಂದು ನಾನು ನಾದಿನಿಗೆ ಹೇಳಿದೆ. "ಹಲ್ಲು ಸೆಟ್ಟು ಇರ್ಬೇಕು ಬಿಡಿ ಅತ್ತಿಗೆ" ಎಂದಳು ಅವಳು. ನಾದಿನಿಗೆ ಯಾರ ಮೇಲೂ ಸಂಶಯ ಬರುವುದಿಲ್ಲ. ಕೋಣೆಯ ಬೀಗದ ಕೈಯನ್ನು ಬಾಗಿಲಲ್ಲೇ ಬಿಟ್ಟು ಸ್ನಾನಕ್ಕೆ ಹೋಗುವ ಜಾತಿ.

ಎರಡನೆಯ ದಿನ ಮೇಷ್ಟ್ರ ಉಪನ್ಯಾಸ. ವಿಷಯ ಕೇಳಿ: "ಸತ್ಯವನ್ನೇ ಬರೆಯುವುದು." ಎಂಥ ಧೈರ್ಯ! ಒಳ್ಳೆಯ ಬರವಣಿಗೆ ಮನೆಯಿಂದ ಶುರುವಾಗಬೇಕು, ಕಣ್ಣಾರೆ ಕಂಡದ್ದನ್ನು ಬರೆಯಬೇಕು ಎನ್ನುತ್ತ ಎನ್ನುತ್ತ ಬಸ್ ನಿಲ್ದಾಣಕ್ಕೆ ಬಂದೇಬಿಟ್ಟರು. ಮುದುಕಿ ಬಂದಳು. ಹುಡುಗಿ ಬಂದಳು. "ಒಂದು ಮಾತೂ ಆಡದೆ, ದೇವದೂತೆಯ ಹಾಗೆ, ಚಪ್ಪಲಿ ಬಿಚ್ಚಿಟ್ಟು ಹೊರಟುಹೋದಳು" ಎಂದಾಗ ಮುಂದಿನ ಸಾಲಿನವರೊಬ್ಬರು ಕಣ್ಣೊರೆಸಿಕೊಂಡರು. ಪ್ರಶ್ನೆಗಳಿದ್ದರೆ ಕೇಳಿ ಎಂದು ನಿರೂಪಕಿ ಹೇಳುವಷ್ಟರಲ್ಲಿ ನಾನು ಎದ್ದು ನಿಂತಾಗಿತ್ತು. ನಾದಿನಿ ನನ್ನ ಬಟ್ಟೆಯ ಅಂಚು ಹಿಡಿದು ಎಳೆದಳು. ಕೊಸರಿಕೊಂಡೆ.

"ನಂದು ಪ್ರಶ್ನೆ ಅಲ್ಲ. ಆ ಚಪ್ಪಲಿ ಕೊಟ್ಟ ಹುಡುಗಿ ನಾನು."

ಸಾಲುಸಾಲು ತಲೆಗಳು ನನ್ನ ಕಡೆ ತಿರುಗಿದವು.

"ನನ್ನ ಗಂಡ ಈ ಕಥೇನ ನಮ್ಮ ಸಭೆಯಲ್ಲಿ ಮದುವೆ ಆದ ವರ್ಷದಿಂದ ಹೇಳ್ತಾ ಬಂದಿದ್ದಾರೆ. ಅವರು ನಿಮ್ಮ ಶಿಷ್ಯರು. ಸತ್ತೋಗಿದ್ದಾರೆ, ಕೇಳೋಕೆ ಬರಲ್ಲ ಅಂದ್ಕೊಂಡ್ರಾ ಮೇಷ್ಟ್ರೇ? ಸತ್ಯ ಬರೀಬೇಕು ಅಂತ ನಮಗೆ ಪಾಠ ಹೇಳೋ ಮೊದ್ಲು, ಇದು ಯಾರ ಮನೆ ಸತ್ಯ ಅಂತ ಹೇಳಿ."

ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಕನ್ನಡಕ ತೆಗೆದು, "ನಿಮ್ಮ ಯಜಮಾನರು ಯಾರಮ್ಮ?" ಎಂದು ಕೇಳಿದರು.

"ಹಿಂದಿನ ಬೆಂಚಲ್ಲಿ ಕೂರ್ತಿದ್ರಂತೆ. ಉದ್ದಕ್ಕಿದ್ರು. ಎಡಗೈಲಿ ಬರೀತಿದ್ರು."

"ಓ! ಎಡಗೈ ಹುಡುಗ!" ಅವರ ಮುಖ ಅರಳಿತು, ತಕ್ಷಣವೇ ಬಾಡಿತು. "ಹೋಗಿಬಿಟ್ನಾ?" ಎಂದರು. ಏನೋ ನೆನಪಾಗಿ, ಅದನ್ನು ಹೇಳುವುದೋ ಬೇಡವೋ ಎಂದು ನುಂಗಿಕೊಳ್ಳುತ್ತಿರುವವರ ಹಾಗಿದ್ದರು. ಸಿಕ್ಕಿಬಿದ್ದ ಎಂದುಕೊಂಡೆ ನಾನು.

ಆಗ ಹಿಂದಿನ ಸಾಲಿನಿಂದ ಯಾರೋ ಎದ್ದು ಬಂದರು. ಗಿಡ್ಡನೆಯ, ತೆಳ್ಳನೆಯ ಮುದುಕಿ. ಬೆಳಗ್ಗೆಯಿಂದ ಎಲ್ಲರಿಗೂ ಬಿಸ್ಕತ್ತು ಹಂಚುತ್ತಿದ್ದರು, ಅಲ್ಲಿನ ಕೆಲಸದವರು ಎಂದುಕೊಂಡಿದ್ದೆ. ಮೇಷ್ಟ್ರ ಹೆಂಡತಿಯಂತೆ. ನನ್ನ ಮುಂದಿನ ಕುರ್ಚಿಯಲ್ಲಿ ಕೂತು, ಕಾಲಿನ ಚಪ್ಪಲಿ ಕಳಚಿ, ಅಂಗಾಲನ್ನು ಮೇಲೆತ್ತಿ ತೋರಿಸಿದರು.

"ಅವತ್ತು ಮನೆಗೆ ಹೋಗ್ತಾ ಗಾಜು ಚುಚ್ಚಿತ್ತು ತಾಯಿ. ನಮ್ಮಪ್ಪನ ಹತ್ರ ಬೈಸಿಕೊಂಡಿದ್ದೆ."

ಹಿಮ್ಮಡಿಯ ಹತ್ತಿರ ಬಿಳಿ ಗೆರೆ. ಅಡ್ಡಕ್ಕೆ ಹೊಲಿಗೆಯ ಗುರುತು. ಹೊಲಿಗೆಯ ವಿಷಯದಲ್ಲಿ ನನಗೆ ಯಾರೂ ಮಂಕುಬೂದಿ ಎರಚಲಾರರು. ಅದು ಹಳೆಯ ಹೊಲಿಗೆ, ಯಾರೋ ಅವಸರದಲ್ಲಿ ಹಾಕಿದ್ದು. ಆದರೂ ಬಿಡಲಿಲ್ಲ. ಗಾಜು ಯಾರಿಗೂ ಚುಚ್ಚಬಹುದು.

"ಚಪ್ಪಲಿ ಯಾವ ಬಣ್ಣ?" ಎಂದೆ.

"ನೀಲಿ."

ನನ್ನದು ಕಂದು, ಪಕ್ಕದಲ್ಲಿ ಕೊಂಡಿಯಿದ್ದದ್ದು. "ಆ ಅಜ್ಜಿ ಕಾಲಿಗೆ ದೊಡ್ಡದಾಗ್ಲಿಲ್ವಾ?"

"ಇಲ್ಲಮ್ಮ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತ್ಕೊಳ್ತು. ಅದಕ್ಕೇ ಕೊಟ್ಟಿದ್ದು."

"ನೀವು ಅಜ್ಜೀನ ಬೈಲಿಲ್ವಾ?"

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಆಕೆ ಗಾಬರಿಯಿಂದ ನನ್ನ ಮುಖ ನೋಡಿದರು. "ಬೈಯೋದಾ? ನಾಚಿಕೆಗೆ ನಾನು ಬಾಯೇ ಬಿಡ್ಲಿಲ್ಲ."

ಮೇಷ್ಟ್ರು ಮೈಕು ಆರಿಸಿ, ವೇದಿಕೆ ಇಳಿದು ಬಂದರು. ಸಭೆಗೆ ಕೇಳಿಸದಂತೆ ಹೇಳಬೇಕೆಂದಿದ್ದರು, ಆದರೆ ಕಿವಿಗೊಟ್ಟು ಕೂತಿದ್ದ ಎಲ್ಲರಿಗೂ ಕೇಳಿಸಿತು. "ನಾನು ಈ ಕಥೇನ ತರಗತೀಲಿ ಹೇಳ್ತಿದ್ದೆ. ಆ ಹುಡುಗ ಆಮೇಲೆ ನನ್ನ ಕೋಣೆಗೆ ಬಂದು ಮತ್ತೆ ಹೇಳಿಸಿಕೊಂಡ. ಅವನಿಗೆ ಬಹಳ ಇಷ್ಟ ಆಗಿತ್ತಮ್ಮ. ಅಷ್ಟೇ, ಬಿಡಿ."

ಕಳ್ಳನನ್ನು ಹಿಡಿಯಲು ಬಂದವಳು ಹಿಡಿದೇ ಬಿಟ್ಟಿದ್ದೆ. ಹಿಡಿದದ್ದು ಮಾತ್ರ ನನ್ನ ಗಂಡನನ್ನು.

ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಕೋಣೆಯ ಮಂಚದ ಮೇಲೆ ಕೂತು, ಚೀಲವನ್ನು ಎದುರಿನ ಗೋಡೆಗೆ ಎಸೆದೆ. ಅಷ್ಟು ಜೋಪಾನ ಮಾಡಿದ ಚೀಲ! ಅವಮಾನವಾಗಿತ್ತು, ನಿಜ. ಆದರೆ ಅವಮಾನಕ್ಕಿಂತ ಸಿಟ್ಟು ದೊಡ್ಡದಿತ್ತು. ಬದುಕಿದ್ದವರ ಮೇಲೆ ಸಿಟ್ಟು ಬಂದರೆ ಪಾತ್ರೆ ಕುಕ್ಕಬಹುದು, ಮಾತು ಬಿಡಬಹುದು. ಸತ್ತವರ ಮೇಲೆ ಬಂದರೆ ಎಲ್ಲಿ ತೀರಿಸಿಕೊಳ್ಳುವುದು?

ಅವರು ಮೊದಲ ಸಲ ಈ ಪ್ರಸಂಗ ಹೇಳಿದ ದಿನ ನೆನಪಾಯಿತು. ಮನೆಗೆ ಬಂದ ಮೇಲೆ ನಾನು ಕೇಳಿದ್ದೆ: "ನಾನ್ಯಾವಾಗ ಚಪ್ಪಲಿ ಕೊಟ್ಟೆ? ನನಗೆ ನೆನಪೇ ಇಲ್ವಲ್ಲ?" ಅವರು ನಕ್ಕು, "ಸಿಟ್ಟಲ್ಲಿ ಮಾಡಿದ ಉಪಕಾರ ನಿನಗೆಲ್ಲಿ ನೆನಪಿರುತ್ತೆ?" ಎಂದಿದ್ದರು. ಹೊಸದಾಗಿ ಮದುವೆಯಾದವಳು, ಗಂಡ ಹೊಗಳುತ್ತಿದ್ದಾನೆ, ಬೇಡ ಎನ್ನಲು ನನಗೇನು ಹುಚ್ಚೇ? ಇದ್ದರೂ ಇರಬಹುದು ಎಂದುಕೊಂಡೆ. ವರ್ಷ ಕಳೆದಂತೆ ಇತ್ತು ಎನಿಸಿತು. ಆಮೇಲೆ ಚಪ್ಪಲಿಗೆ ಬಣ್ಣ ಬಂತು, ಕೊಂಡಿ ಬಂತು, ಕಾಲಿಗೆ ನೆಲ ಸುಟ್ಟದ್ದೂ ನೆನಪಾಯಿತು. ಹೆಂಗಸರ ಕೂಟದಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೆ. ಆ ಕಂದು ಚಪ್ಪಲಿಯನ್ನು ನನಗೆ ನಾನೇ ತೊಡಿಸಿಕೊಂಡಿದ್ದೆ.

ಹಾಗಾದರೆ ನನ್ನನ್ನು ಯಾಕೆ ಮದುವೆಯಾದರು? ಕರುಣೆಯೇ? ಸಭಾಪಾಲಕನಿಗೆ ಹೆಂಡತಿ ಇರಲೇಬೇಕು ಎಂದು ಯಾರೋ ಒತ್ತಾಯ ಮಾಡಿದ್ದಕ್ಕೇ? ಹೇಳಿಕೊಳ್ಳಲು ನನ್ನಲ್ಲಿ ಏನೂ ಇಲ್ಲದ್ದರಿಂದ ಬೇರೆಯವರ ಹೆಂಡತಿಯನ್ನು ಕಡ ತಂದರೇ? ಇಷ್ಟು ವರ್ಷ ಲೋಕವನ್ನೆಲ್ಲ ಅನುಮಾನಿಸಿದವಳು, ಪಕ್ಕದಲ್ಲಿ ಮಲಗಿದವರನ್ನು ಒಂದು ದಿನವೂ ಅನುಮಾನಿಸಿರಲಿಲ್ಲ. ಅದೊಂದು ಕಡೆ ನಾನು ಎರಡೂ ಕಣ್ಣು ಮುಚ್ಚಿದ್ದೆ. ಈಗ ಅಳು ಬಂತು, ಗಟ್ಟಿಯಾಗಿಯೇ ಅತ್ತೆ.

ನಾದಿನಿ ಚಹಾ ಹಿಡಿದುಕೊಂಡು ಬಂದಳು. ಚೀಲವನ್ನು ಎತ್ತಿ, ಹಾಳೆಗಳನ್ನು ಹೊಂದಿಸಿ, ನನ್ನ ಪಕ್ಕ ಕೂತಳು.

"ಅತ್ತಿಗೆ, ಆ ಪ್ರಸಂಗ ಪುಸ್ತಕದಿಂದ ತೆಗೆದುಬಿಡ್ಲಾ?"

"ಓದು ಮೊದ್ಲು. ನಿಮ್ಮಣ್ಣ ಏನೇನು ಸುಳ್ಳು ಹೇಳಿದ್ದಾರೋ ಎಲ್ಲ ಕೇಳ್ತೀನಿ."

ಅವಳು ಹಿಂಜರಿಯುತ್ತ ಓದಿದಳು. ನಿಲ್ದಾಣ, ಬಿಸಿಲು, ಮುದುಕಿ, ಎಲ್ಲವೂ ಮೇಷ್ಟ್ರದೇ. ಆಮೇಲೆ ಹೀಗೆ ಬಂತು: "ಅವಳು ದೇವದೂತೆಯಂತೆ ಬರಲಿಲ್ಲ, ಬೈಯುತ್ತ ಬಂದಳು. ಚಪ್ಪಲಿ ದೊಡ್ಡದಾಗಿದ್ದರಿಂದ ಮುದುಕಿಯನ್ನು ಕೂರಿಸಿ, ಬಟ್ಟೆಯ ಚೂರುಗಳನ್ನು ಚಪ್ಪಲಿಯ ತುದಿಗೆ ತುರುಕಿ, ಈ ವಯಸ್ಸಿನಲ್ಲಿ ಬಿದ್ದು ಕಾಲು ಮುರಿದುಕೊಂಡರೆ ನೋಡುವವರು ಯಾರು ಎಂದು ಗದರಿಸುತ್ತಲೇ ಅವಳ ಕಾಲಿಗೆ ತೊಡಿಸಿದಳು. ಪ್ರಿಯರೇ, ಪ್ರೀತಿ ಯಾವಾಗಲೂ ಮೆತ್ತಗೆ ಮಾತಾಡುವುದಿಲ್ಲ."

"ನಿಲ್ಸು" ಎಂದೆ. "ಚಪ್ಪಲಿಗೆ ಬಟ್ಟೆ ತುರುಕ್ತಾರಾ ಯಾರಾದ್ರೂ? ಮುಂದೆ ತೆರೆದಿರುತ್ತೆ, ಎರಡು ಹೆಜ್ಜೆ ಇಟ್ರೆ ಉದುರಿಹೋಗುತ್ತೆ. ಬಸ್ ನಿಲ್ದಾಣದಲ್ಲಿ ನನ್ನ ಕೈಗೆ ಬಟ್ಟೆ ಚೂರಾದ್ರೂ ಎಲ್ಲಿಂದ ಬರ್ಬೇಕು? ಕದ್ದಿದ್ದನ್ನ ನೆಟ್ಟಗೆ ಹೊಲಿಯೋಕೂ ಬರ್ಲಿಲ್ಲ ನಿಮ್ಮಣ್ಣಂಗೆ. ತುರುಕೋದು ಬೂಟಿಗೆ."

"ಬೂಟಿಗೇ ಅಲ್ವಾ ನೀವು ತುರುಕಿದ್ದು?" ಎಂದಳು ನಾದಿನಿ, ಬಹಳ ಸಹಜವಾಗಿ. "ಅಪ್ಪನ ಬೂಟಿಗೆ."

"ಯಾವ ಬೂಟು?"

"ಅಣ್ಣನ ಕೋಟು ಹೊಲಿಯೋಕೆ ಕೊಟ್ಟಿದ್ರಲ್ಲ ನಿಮ್ಮ ಅಂಗಡೀಲಿ? ತಗೊಂಡು ಬರೋಕೆ ಅಪ್ಪ ಹೋಗಿದ್ರು. ಅವರದ್ದು ಹರಿದಿತ್ತು ಅಂತ ಅಣ್ಣನ ಬೂಟು ಹಾಕ್ಕೊಂಡಿದ್ರು, ಕಾಲು ಒಳಗೆ ಈಜಾಡ್ತಿತ್ತು. ಅಂಗಡಿಯ ಮೆಟ್ಟಿಲಲ್ಲಿ ಎಡವಿದ್ರಂತೆ. ನೀವು ಹೊಲಿಗೆ ಬಿಟ್ಟು ಎದ್ದು ಬಂದು, ಕೂರಿಸಿ, ಚೂರು ಬಟ್ಟೆ ತುರುಕಿ ಹಾಕ್ಸಿದ್ರಂತೆ. ಹಾಕ್ಸೋವರೆಗೂ ಬೈದ್ರಂತೆ. ಅಣ್ಣ ಹೊರಗೆ ಸೈಕಲ್ ಹಿಡ್ಕೊಂಡು ನಿಂತು ನೋಡ್ತಿದ್ದ. ಮನೆಗೆ ಬಂದ್ಮೇಲೆ ಅಪ್ಪ ಹೇಳಿದ್ರು, ಆ ದರ್ಜಿ ಮಗಳು ಜನ್ಮ ಜಾಲಾಡಿಬಿಟ್ಲು ಕಣೋ, ಆದ್ರೆ ಕಾಲು ಬೆಚ್ಚಗಿದೆ ಅಂತ. ಅಣ್ಣ ಇಡೀ ಸಂಜೆ ನಕ್ಕ. ಆಮೇಲೆ ಹಟ ಹಿಡಿದ, ಮದುವೆ ಆದ್ರೆ ಅವಳನ್ನೇ ಅಂತ."

ನನಗೆ ಒಂದು ಚೂರೂ ನೆನಪಿಲ್ಲ. ಕೊಡದ ಚಪ್ಪಲಿಯ ಕೊಂಡಿ ನೆನಪಿದೆ, ತೊಡಿಸಿದ ಬೂಟು ನೆನಪಿಲ್ಲ. ಅಂಗಡಿಗೆ ಬಂದ ಎಷ್ಟು ಜನರನ್ನು ಹಾಗೆ ಬೈದಿದ್ದೇನೋ, ಯಾರ ಲೆಕ್ಕ ಇಡುವುದು?

ತಕ್ಷಣವೇ ಹಳೆಯ ಹುಳ ಎದ್ದಿತು. ಇವಳು ನನ್ನ ಸಮಾಧಾನಕ್ಕೆ ಕಟ್ಟಿ ಹೇಳುತ್ತಿಲ್ಲ ತಾನೇ? ಅಣ್ಣನ ರಕ್ತವೇ ಅಲ್ಲವೇ ಇವಳದೂ?

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?"

"ನಿಮಗೆ ಗೊತ್ತಿಲ್ಲ ಅಂತ ನನಗೇನು ಗೊತ್ತು? ಚಪ್ಪಲಿ ಬೇರೆ ದಿನದ್ದು, ಬೂಟು ಬೇರೆ ದಿನದ್ದು ಅಂದ್ಕೊಂಡಿದ್ದೆ. ನೀವು ದಿನಾ ಯಾರಿಗೋ ಏನೋ ತುರುಕ್ತಾನೇ ಇರ್ತೀರಲ್ಲ."

"ಬಟ್ಟೆ ಎಂಥದ್ದು? ಹೇಳು ನೋಡೋಣ."

ಅವಳು ಸ್ವಲ್ಪ ಯೋಚಿಸಿದಳು. "ಆ ಬೂಟು ಆಮೇಲೆ ಅಪ್ಪಂದೇ ಆಯ್ತು. ಅವರು ತೀರ್ಕೊಂಡಾಗ ಅದನ್ನ ಹೊರಗೆ ಹಾಕಿದ್ದು ನಾನೇ. ಚೂರು ಒಳಗೇ ಇತ್ತು, ಅವರು ತೆಗೆದೇ ಇರ್ಲಿಲ್ಲ. ದಪ್ಪ ಬಿಳಿ ಬಟ್ಟೆ ಅತ್ತಿಗೆ. ಹಸಿರು ಗೆರೆ ಇತ್ತು, ಜೋಡಿ ಗೆರೆ. ಅಂಥ ಬಟ್ಟೆ ಅಂಗಡೀಲಿ ಎಲ್ಲೂ ನೋಡಿಲ್ಲ ನಾನು."

ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಆಸ್ಪತ್ರೆಯವರೇ ತಂದುಕೊಡುತ್ತಿದ್ದ ಬಟ್ಟೆ ಅದು. ಮಂಚಗಳ ನಡುವೆ ಕಟ್ಟುವ ಪರದೆಗಳನ್ನು ನನ್ನ ಅಪ್ಪ ಹೊಲಿಯುತ್ತಿದ್ದರು, ಉಳಿದ ಚೂರುಗಳನ್ನು ನನ್ನ ಕಾಲ ಬಳಿಯ ಡಬ್ಬಿಯಲ್ಲಿ ತುಂಬುತ್ತಿದ್ದರು. ಜೋಡಿ ಹಸಿರು ಗೆರೆ. ಮದುವೆಗೆ ಮೊದಲೇ ಅಪ್ಪನ ಅಂಗಡಿ ಮುಚ್ಚಿತ್ತು. ಆ ಬಟ್ಟೆಯ ವಿಷಯ ನಾನು ಈ ಮನೆಯಲ್ಲಿ ಯಾರಿಗೂ ಹೇಳಿದವಳಲ್ಲ, ಹೇಳಲು ಅದರಲ್ಲಿ ಏನಿತ್ತು?

ನಾದಿನಿಯ ಕೈಯಿಂದ ಹಾಳೆ ಕಿತ್ತುಕೊಂಡು ಆ ನಾಲ್ಕು ಸಾಲನ್ನು ನಾನೇ ಓದಿದೆ. ಬೂಟಿಗೆ ಬಟ್ಟೆ ತುರುಕಿದ್ದನ್ನು ಪ್ರಸಂಗದಲ್ಲಿ ಹೇಳಿದರೆ ಯಾರು ಆಮೆನ್ ಅನ್ನುತ್ತಾರೆ ಎಂದು ಹೆದರಿರಬೇಕು ಈ ಮನುಷ್ಯ. ಅದಕ್ಕೇ ಮೇಷ್ಟ್ರ ಹೆಂಡತಿಯ ಚಪ್ಪಲಿ ತಂದರು. ತಂದು, ಅದರೊಳಗೆ ನನ್ನನ್ನು ತುರುಕಿದರು.

"ಬೂಟಿನ ಕಥೆ ಏನು ಕಮ್ಮಿ ಇತ್ತು ಅಂತ?" ಎಂದು ಗಟ್ಟಿಯಾಗಿ ಬೈದೆ. ನಾದಿನಿ ತನಗೇ ಬೈದೆನೆಂದುಕೊಂಡು ಚಹಾದ ಲೋಟ ತೆಗೆದುಕೊಂಡು ಎದ್ದಳು.

ಮೂರನೆಯ ದಿನ, ಕೊನೆಯ ಕಲಾಪದಲ್ಲಿ, ಪ್ರಕಾಶಕರು ಹಸ್ತಪ್ರತಿಗಳನ್ನು ಒಬ್ಬೊಬ್ಬರಿಗೇ ವಾಪಸು ಕೊಟ್ಟರು. ನನ್ನ ಹತ್ತಿರ ಬಂದು ಸುರುಳಿ ಚಾಚಿ, "ಅಮ್ಮ, ಎಲ್ಲಾ ನೋಡಿದೆ. ಕಾಲರು ಚೆನ್ನಾಗಿ ಬಂದಿದೆ" ಎಂದರು. ಸುತ್ತ ಇದ್ದವರು ಬಿದ್ದು ಬಿದ್ದು ನಕ್ಕರು. ಹಿಂದಿನ ದಿನದಿಂದ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದವರೂ ನಕ್ಕರು. ನಾನು ಎದ್ದು ಮೈಕಿನ ಹತ್ತಿರ ಹೋದೆ. ನಿರೂಪಕಿ ಬೆದರಿ ಎರಡು ಹೆಜ್ಜೆ ಹಿಂದೆ ಸರಿದಳು.

"ಚಪ್ಪಲಿ ಮೇಷ್ಟ್ರ ಹೆಂಡತಿಯದ್ದು" ಎಂದೆ. "ನನ್ನ ಗಂಡ ಅದನ್ನ ಎತ್ಕೊಂಡಿದ್ರು. ನಾನು ನಿನ್ನೆ ಮೇಷ್ಟ್ರನ್ನ ಕಳ್ಳ ಅನ್ನೋ ಹಾಗೆ ಮಾತಾಡಿದೆ. ತಪ್ಪಾಯ್ತು. ಈಗ ನಂದು ಏನು ಅಂತ ಹೇಳ್ತೀನಿ, ಕೇಳಿ."

ಬೂಟಿನ ಕಥೆ ಹೇಳಿದೆ. ಮಾವ ಎಡವಿದ್ದು, ಹಸಿರು ಗೆರೆಯ ಚೂರು, ಹೊರಗೆ ಸೈಕಲ್ ಹಿಡಿದು ನಿಂತಿದ್ದ ಎಡಗೈ ಹುಡುಗ. ಬಹಳ ಚಿಕ್ಕ ಕಥೆ, ಬೇಗ ಮುಗಿಯಿತು. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಹಿಂದಿನ ಸಾಲಿನಲ್ಲಿ ಮೇಷ್ಟ್ರ ಹೆಂಡತಿ ಮಾತ್ರ ಬಿಸ್ಕತ್ತಿನ ತಟ್ಟೆ ಕೆಳಗಿಟ್ಟು, "ಆಮೆನ್" ಎಂದರು.

ಆಮೇಲೆ ಮುಕ್ತಾಯದ ಪ್ರಾರ್ಥನೆ. ಎಲ್ಲರೂ ಕಣ್ಣು ಮುಚ್ಚಿದರು. ಈ ಸಲ ಮೇಜಿನ ಮೇಲೆ ನನ್ನ ನಿಜವಾದ ಹಸ್ತಪ್ರತಿಯನ್ನೇ ಇಟ್ಟು ಬಂದಿದ್ದೆ, ಆದ್ದರಿಂದ ನಾನು ಒಂದು ಕಣ್ಣನ್ನು ಎಂದಿಗಿಂತ ಅಗಲವಾಗಿ ತೆರೆದಿದ್ದೆ. ಹಾಗಾಗಿಯೇ ಕಂಡಿತು. ವೇದಿಕೆಯ ಮೇಲೆ, ಹೂದಾನಿಯ ಮರೆಯಲ್ಲಿ, ಮೇಷ್ಟ್ರು ಕಣ್ಣು ಬಿಟ್ಟುಕೊಂಡು, ಅಂಗೈ ಮೇಲೆ ಪೆನ್ನಿನಿಂದ ಏನೋ ಗೀಚುತ್ತಿದ್ದರು.

ಆಮೆನ್ ಮುಗಿದದ್ದೇ ಅವರ ಎದುರಿಗೆ ಹೋಗಿ ನಿಂತೆ. "ಕೈ ತೋರ್ಸಿ ಮೇಷ್ಟ್ರೇ."

ಸಿಕ್ಕಿಬಿದ್ದ ಶಾಲೆಯ ಹುಡುಗನಂತೆ ಅಂಗೈ ಚಾಚಿದರು. ಒಂದೇ ಪದವಿತ್ತು: ಬೂಟು.

"ಮರೆತುಹೋಗುತ್ತೆ ಅಂತ..." ಎಂದು ತಡವರಿಸಿದರು. "ಒಳ್ಳೇ ದೃಷ್ಟಾಂತಮ್ಮ. ಮುಂದಿನ ಭಾನುವಾರ ಒಂದು ಕಡೆ ಪ್ರಸಂಗ ಇದೆ. ನಾನು ಬಳಸ್ಕೋಬಹುದಾ?"

"ಬಳಸ್ಕೊಳ್ಳಿ" ಎಂದೆ. "ಬೈದಿದ್ದು ಬಿಡಬೇಡಿ, ಜೋಡಿ ಹಸಿರು ಗೆರೆ ಅನ್ನೋದನ್ನೂ ಬಿಡಬೇಡಿ. ಆದ್ರೆ 'ನನ್ನ ಹೆಂಡತಿ' ಅಂತ ಮಾತ್ರ ಹೇಳಿದ್ರೆ, ನೀವು ಎಲ್ಲಿದ್ರೂ ಹುಡುಕ್ಕೊಂಡು ಬರ್ತೀನಿ. ಆ ಮಾತು ನನ್ನನ್ನ ನೋಡಿ ಹೇಳಿದವರು ಒಬ್ಬರೇ."